ಎಂ.ಪಿ. ಸಾಹೇಬರ ಆರಿದ ಕಾಫಿ

ಮುಹನ್ನದನ ಕಷ್ಟಕ್ಕೆಲ್ಲ ಮೂಲ ಅವನು ಪಾರ್ಲಿಮೆಂಟಿನಲ್ಲಿ ಮಾಡಿದ ಏಳು ನಿಮಿಷದ ಒಂದು ಭಾಷಣ. ಮದುವೆಯ ಕಾಗದದಲ್ಲಿ ಹುಡುಗಿಯ ಹೆಸರನ್ನು ಅಚ್ಚು ಹಾಕಿಸುವ ಹೊಸ ಚಾಳಿ ರಾಜಧಾನಿ ಅಮ್ಮಾನಿನಲ್ಲಿ ಶುರುವಾಗಿದೆ, ಮನೆಯ ಹೆಣ್ಣುಮಗಳ ಹೆಸರನ್ನು ಕಂಡಕಂಡವರ ಕೈಗೆ ಕೊಡುವುದು ನಮ್ಮ ಹಿರಿಯರ ಮರ್ಯಾದೆಯಲ್ಲ, 'ಇಂಥವರ ಸುಪುತ್ರಿ' ಎಂದರೆ ಸಾಕು, ಅದರಲ್ಲೇ ಎಲ್ಲ ಬಂತು ಎಂದು ಅವನು ಗುಡುಗಿದ್ದ. ಹಿಂದಿನ ಸಾಲಿನ ಮುದುಕ ಸದಸ್ಯರು ನಿದ್ದೆಯಿಂದೆದ್ದು ಮೇಜು ಕುಟ್ಟಿದರು. ಮರುದಿನ ಪೇಪರಿನಲ್ಲಿ ಫೋಟೋ ಬಂತು. ಊರಿಗೆ ಹೋದರೆ ಮಸೀದಿಯ ಮುಂದೆ ಹಿರಿಯರು ಸಾಲುಗಟ್ಟಿ ನಿಂತು ಹಣೆಗೆ ಮುತ್ತಿಟ್ಟರು.

ವಯಸ್ಸು ಮೂವತ್ತೊಂದು, ಸಭೆಯಲ್ಲಿ ಎಲ್ಲರಿಗಿಂತ ಚಿಕ್ಕವನು. ಆದರೆ ಮಾತು ಮಾತ್ರ ಎಂಬತ್ತೊಂದರದು. ಮದುವೆಯ ಪಟಾಕಿಯ ಮೇಲೆ ಒಂದು ಭಾಷಣ ಮಾಡಿ ಹೆಸರು ತೆಗೆದುಕೊಂಡ. ನಡುರಾತ್ರಿಯವರೆಗೆ ತೆರೆದಿರುವ ಹುಕ್ಕಾ ಅಂಗಡಿಗಳ ಮೇಲೆ ಇನ್ನೊಂದು ಮಾಡಿ ಗೆದ್ದ. ಗೆದ್ದಮೇಲೆ 'ಬೇಗ ಮದುವೆಯಾಗಿ, ಸರಳವಾಗಿ ಮದುವೆಯಾಗಿ, ಇಂದು ಮಾತು ನಾಳೆ ಮದುವೆ' ಎಂದು ಊರೂರು ಸುತ್ತಿ ಹುಡುಗರಿಗೆ ಬುದ್ಧಿ ಹೇಳತೊಡಗಿದ. ತಾನು ಮಾತ್ರ ಮದುವೆಯಾಗಿರಲಿಲ್ಲ. ವಿರೋಧ ಪಕ್ಷದವರು ನಡುನಡುವೆ ಎದ್ದು, "ಸಾಹೇಬ್ರೇ, ಮೊದಲು ತಾವಾಗಿ ತೋರಿಸಿ, ನಾವೂ ಕಲೀತೀವಿ" ಎನ್ನುತ್ತಿದ್ದರು. ಅವನ ತಾಯಿಯದೂ ಈ ವಿಷಯದಲ್ಲಿ ವಿರೋಧ ಪಕ್ಷವೇ. "ಊರಿಗೆಲ್ಲ ಹೆಂಡ್ತಿ ಹುಡುಕಿಕೊಡೋನ ಅಂಗಿಗೆ ಇಸ್ತ್ರಿ ಹಾಕೋಕೆ ಇನ್ನೂ ನಾನೇ ಬೇಕು" ಎಂದು ಆಕೆ ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು.

ನಿಜ ಹೇಳಬೇಕೆಂದರೆ ಮುಹನ್ನದನ ಮನಸ್ಸು ಒಂದು ಕಡೆ ನಿಂತು ಎಂಟು ತಿಂಗಳಾಗಿತ್ತು. ಸಭೆಯಲ್ಲಿ ಆಡಿದ ಮಾತನ್ನೆಲ್ಲ ಬರೆದಿಡುವ ದಫ್ತರದಲ್ಲಿ ರನೀಮ್ ಎಂಬ ಹುಡುಗಿ ಕೆಲಸಕ್ಕಿದ್ದಳು. ಸದಸ್ಯರು ಬಂದು ತಮ್ಮ ಮಾತಿನಲ್ಲಿ ತಪ್ಪಿದ್ದರೆ ತಿದ್ದಿಕೊಡಬಹುದು ಎಂಬ ನಿಯಮವಿದೆ. ಯಾರೂ ಬರುವುದಿಲ್ಲ. ಮುಹನ್ನದ್ ಮಾತ್ರ ಪ್ರತಿ ವಾರ ತಪ್ಪದೆ ಬಂದು, ಬಾಗಿಲು ಪೂರ್ತಿ ತೆರೆದಿಟ್ಟು, ಮಾರುದೂರದಲ್ಲಿ ಕೂತು ಅಲ್ಪವಿರಾಮಗಳನ್ನು ತಿದ್ದುತ್ತಿದ್ದ. ಒಂದು ದಿನ ಅವಳು ಕನ್ನಡಕದ ಮೇಲಿಂದ ನೋಡಿ, "ಸಾಹೇಬ್ರೇ, ಈ ಭಾಷಣದಲ್ಲಿ 'ಮರ್ಯಾದೆ' ಅನ್ನೋ ಮಾತು ಹದಿನಾಲ್ಕು ಸಲ ಬಂದಿದೆ. ಎರಡು ತೆಗೀಲಾ?" ಎಂದಳು. "ಯಾವ ಎರಡು ಅಂತ ನೀವೇ ನೋಡಿ" ಎಂದ ಮುಹನ್ನದ್. ಅವನ ಬಾಯಿಂದ ಹೊರಬಿದ್ದ ಪ್ರೇಮದ ಮಾತು ಎಂದರೆ ಇದುವರೆಗೆ ಅದೊಂದೇ.

ಹತ್ತು ದಿನದ ಹಿಂದೆ ಧೈರ್ಯ ಮಾಡಿ ತಾಯಿಗೆ ಹೇಳಿದ. ತಾಯಿ ಅಂದು ಸಂಜೆಯೇ ರನೀಮಳ ಅಪ್ಪ ಹಾಜಿ ಮುತ್ಲಖರ ಮನೆಗೆ ಚಹಾದ ನೆಪದಲ್ಲಿ ಹೋಗಿ ಹುಡುಗಿಯನ್ನು ನೋಡಿ, ಮೆಚ್ಚಿ, ವಿಷಯ ಎತ್ತಿ ಬಂದಳು. ಅವರು "ಯೋಚನೆ ಮಾಡಿ ಹೇಳ್ತೀವಿ" ಎಂದರು. ಯೋಚನೆ ಹತ್ತು ದಿನವಾದರೂ ಮುಗಿದಿರಲಿಲ್ಲ. ಗಂಡಿನ ಕಡೆ ಈ ಸಂಗತಿ ತಾಯಿಮಗನಿಗೆ ಬಿಟ್ಟು ಮೂರನೆಯವರಿಗೆ ಗೊತ್ತಿರಲಿಲ್ಲ. ಸೋದರಮಾವ ಅಬೂ ನವ್ವಾಫನಿಗಂತೂ ಗೊತ್ತಾಗಲೇಬಾರದಿತ್ತು, ಏಕೆಂದರೆ ಅವನಿಗೆ ಹೇಳುವುದೂ ಒಂದೇ, ಮಸೀದಿಯ ಮೈಕಿನಲ್ಲಿ ಹೇಳುವುದೂ ಒಂದೇ.

ಈ ಮಾವನೇ ಮುಹನ್ನದನ ವೋಟಿನ ಲೆಕ್ಕವೆಲ್ಲ ನೋಡುವವನು. ಪ್ರತಿ ಶುಕ್ರವಾರ ನಮಾಜಾದ ಮೇಲೆ ಅಳಿಯನನ್ನು ಬಸ್ಸಿಗೆ ಹತ್ತಿಸಿ ಯಾವುದಾದರೂ ಒಂದು ಜಾಹಾಕ್ಕೆ ಕರೆದೊಯ್ಯುತ್ತಿದ್ದ. ಗಂಡಿನ ಕಡೆಯ ಹಿರಿಯರೆಲ್ಲ ದಂಡು ಕಟ್ಟಿಕೊಂಡು ಹೆಣ್ಣು ಕೇಳಲು ಹೋಗುವುದೇ ಜಾಹಾ. ದಂಡಿನ ಮುಂದೆ ಒಬ್ಬ ದೊಡ್ಡ ಮನುಷ್ಯ ಇರಬೇಕು. ಹೆಣ್ಣಿನ ಮನೆಯವರು ಕಾಫಿ ಕೊಡುತ್ತಾರೆ. ಆತ ಲೋಟವನ್ನು ಮುಂದಿಟ್ಟುಕೊಂಡು 'ಬಂದ ಕೆಲಸ ಆಗದೆ ಕುಡಿಯೋದಿಲ್ಲ' ಎನ್ನುತ್ತಾನೆ. ಅವರು 'ಕೊಟ್ಟೆವು, ಕುಡಿಯಿರಿ' ಎನ್ನುತ್ತಾರೆ. ಆತ ಕುಡಿದಮೇಲೇ ಉಳಿದವರು ಕುಡಿಯುವುದು. ಎಲ್ಲವೂ ಮೊದಲೇ ಹೆಂಗಸರು ಒಳಗೊಳಗೇ ಮಾತಾಡಿ ಮುಗಿಸಿರುತ್ತಾರೆ. ಗಂಡಸರ ಪಾಲಿಗೆ ಉಳಿದದ್ದು ಮೀಸೆ ಮತ್ತು ಕಾಫಿ.

ಆ ಶುಕ್ರವಾರ ಅವರ ಬಸ್ಸು, ಹಿಂದೆ ಇನ್ನೂ ನಾಲ್ಕು ಬಸ್ಸು ಹೊರಟು ಮಾದಬಾ ಊರು ದಾಟಿದಮೇಲೆ ಮುಹನ್ನದ್ ಮೊಬೈಲಿನಿಂದ ತಲೆಯೆತ್ತಿ, "ಇವತ್ತು ಯಾರದು ಮಾವ?" ಎಂದು ಕೇಳಿದ.

"ನಮ್ಮ ಹಾಜಿ ಫಲಾಹ್ ಮಗ ಉಬೈದಾದು. ನಾನೂರು ವೋಟಿನ ಮನೆತನ, ಮುಖ ನಗ್ತಾ ಇರಲಿ."

"ಹುಡುಗ ಏನ್ ಮಾಡ್ತಾನೆ?"

"ಬೇಸಿಗೇಲಿ ಏಸಿ ರಿಪೇರಿ, ಚಳಿಗಾಲದಲ್ಲಿ ಹೀಟರ್ ರಿಪೇರಿ. ವಸಂತದಲ್ಲಿ ಸ್ವಲ್ಪ ಬಿಡುವು, ಅದಕ್ಕೇ ಈಗ ಮದುವೆ."

"ಹೆಣ್ಣಿನ ಕಡೆ?"

"ಹಾಜಿ ಮುತ್ಲಖ್. ಅದೇ ಕಣೋ, ನಮ್ಮ ದೀಬ್ ಪಾಶಾ ಇದಾರಲ್ಲ, ರಿಟೈರ್ಡ್ ಸೇನಾಧಿಕಾರಿ, ಅವರ ತಮ್ಮ."

ಮುಹನ್ನದನ ಕೈಯಿಂದ ಮೊಬೈಲು ಜಾರಿ ಸೀಟಿನ ಕೆಳಗೆ ಹೋಯಿತು. ಅದನ್ನು ಹುಡುಕುವ ನೆಪದಲ್ಲಿ ಬಗ್ಗಿ, ಕಿತ್ತುಬಂದ ಬೆವರನ್ನು ಒರೆಸಿಕೊಂಡ. ಹತ್ತು ದಿನ ಯೋಚನೆ ಮಾಡಿದ್ದರ ಅರ್ಥ ಇದಾಯಿತೇ? ಉತ್ತರವನ್ನೇ ಕೊಡದೆ ಉತ್ತರ ಕೊಟ್ಟರಲ್ಲ! ಅದೂ ಎಂಥ ಉತ್ತರ: ನೀನೇ ಬಂದು, ನಿನ್ನ ಬಾಯಿಂದಲೇ, ಇನ್ನೊಬ್ಬನಿಗಾಗಿ ಅವಳನ್ನು ಕೇಳು.

"ಆ ಹುಡುಗಿ... ಅಂದ್ರೆ ಅವರ ಸುಪುತ್ರಿ..." ಎಂದು ಕಿಟಕಿಯಾಚೆ ನೋಡಿದ. "ಕೆಲಸಕ್ಕೇನಾದ್ರೂ ಹೋಗ್ತಾರಾ?"

"ಸರ್ಕಾರಿ ಕೆಲಸವಂತೆ. ತುಂಬ ಓದಿದಾಳಂತೆ, ಕನ್ನಡಕ ಹಾಕ್ತಾಳಂತೆ."

"ಹೆಸರು?"

ಆ ಮಾತು ಹೇಗೆ ಹೊರಬಿತ್ತೋ ಅವನಿಗೇ ತಿಳಿಯಲಿಲ್ಲ. ಡ್ರೈವರ್ ಕನ್ನಡಿಯಲ್ಲಿ ಹಿಂದೆ ನೋಡಿದ. ಮಾವನ ಹುಬ್ಬು ತಲೆಯ ರುಮಾಲಿನವರೆಗೆ ಏರಿತು. ಹಿಂದಿನ ಸೀಟಿನ ಮುದುಕನೊಬ್ಬ, "ಪಾರ್ಲಿಮೆಂಟಲ್ಲಿ ಹೇಳೋದೇ ಒಂದು, ಬಸ್ಸಲ್ಲಿ ಕೇಳೋದೇ ಒಂದು ಆಯ್ತಲ್ಲ ಸಾಹೇಬ್ರೇ?" ಎಂದ.

ಮುಹನ್ನದ್ ಎದ್ದು ನಿಂತು ಕೋಟು ಎಳೆದುಕೊಂಡ. "ಪರೀಕ್ಷೆ ಮಾಡ್ದೆ! ನಾನೇ ಕೇಳಿದ್ರೂ ಯಾರಾದ್ರೂ ಬಾಯಿ ಬಿಡ್ತೀರೇನೋ ನೋಡೋಣ ಅಂತ. ಶಹಬ್ಬಾಸ್, ಒಬ್ಬರೂ ಬಿಡಲಿಲ್ಲ."

ಬಸ್ಸು ತುಂಬ ಚಪ್ಪಾಳೆ. "ಲೀಡರ್ ಅಂದ್ರೆ ಹೀಗಿರಬೇಕು" ಎಂದು ಮುದುಕ ಅವನ ಭುಜಕ್ಕೆ ಮುತ್ತಿಟ್ಟ. ಹೆಸರು ತಿಳಿಯುವ ಬಾಗಿಲು ಅಲ್ಲಿಗೆ ಮುಚ್ಚಿತು.

ಮುಹನ್ನದ್ ತಾಯಿಗೆ ಫೋನು ಮಾಡಿದ. ಆಕೆ ಹಾಜಿ ಫಲಾಹನ ಮನೆಯ ಹೆಂಗಸರ ಜೊತೆ ಮುಂಚೆಯೇ ಬೇರೆ ವ್ಯಾನಿನಲ್ಲಿ ಹೋಗಿದ್ದಳು. ಮೂರನೆಯ ಸಲಕ್ಕೆ ಎತ್ತಿದಳು. ಆ ಕಡೆಯಿಂದ ತಮಟೆ, ಹಾಡು, ಉಲುಲುಲು ಎಂಬ ಕೇಕೆ.

"ಯಮ್ಮಾ, ಅದು ಯಾರ ಮನೆ ಅಂತ ಗೊತ್ತಾ?"

"ಏನು? ಊಟಾನಾ? ಊಟ ಆಮೇಲೆ!"

"ಊಟ ಅಲ್ಲಮ್ಮಾ, ಹುಡುಗಿ! ಹುಡುಗಿ ಯಾರು?"

"ಚೆನ್ನಾಗಿದಾಳೆ ಕಣೋ, ಚೆನ್ನಾಗಿದಾಳೆ! ಒಳ್ಳೇ ಸುದ್ದಿ ಇದೆ, ಬಾ ಹೇಳ್ತೀನಿ!" ಫೋನು ಕಟ್ಟಾಯಿತು. ಇಂಥ ದಿನ ಒಳ್ಳೆಯ ಸುದ್ದಿ ಎಂದರೆ ತಾಯಿಗೂ ತಲೆ ಕೆಟ್ಟಿದೆ ಎಂದುಕೊಂಡ ಮುಹನ್ನದ್.

ಉಳಿದದ್ದು ಹೊಟ್ಟೆನೋವು. ಹೊಟ್ಟೆ ಹಿಡಿದುಕೊಂಡು "ಮಾವ, ನನ್ನ ಕೈಲಿ ಆಗಲ್ಲ, ಇಲ್ಲೇ ಇಳಿಸಿಬಿಡು" ಎಂದು ನರಳಿದ. ಇಪ್ಪತ್ತೆಂಟು ಜನರಿದ್ದ ಬಸ್ಸಿನಲ್ಲಿ ಇಪ್ಪತ್ತೆಂಟು ಜನ ವೈದ್ಯರು ಎದ್ದರು. ಒಬ್ಬ ಬಸ್ಸು ನಿಲ್ಲಿಸಿ ರಸ್ತೆಬದಿಯ ಅಂಗಡಿಯಿಂದ ಕಹಿ ಸೊಪ್ಪಿನ ಕಷಾಯ ತಂದ, ಇನ್ನೊಬ್ಬ ಜೀರಿಗೆ ಅಗಿಯಲು ಕೊಟ್ಟ, ಮೂರನೆಯವನು ಸೀಟಿನ ಮೇಲೆ ಮಲಗಿಸಿ ಹೊಟ್ಟೆಗೆ ಆಲಿವ್ ಎಣ್ಣೆ ತಿಕ್ಕಿದ. ಹೊಸ ಸೂಟಿನ, ಕೂದಲಿಗೆ ಎಣ್ಣೆ ಮೆತ್ತಿದ ಒಬ್ಬ ಹುಡುಗ ಬಂದು ಅವನ ಕಾಲು ಒತ್ತುತ್ತ, "ಸಾಹೇಬ್ರೇ, ನನ್ನ ಕೈ ಬಿಡಬೇಡಿ, ನಿಮ್ಮ ಮೇಲೇ ಎಲ್ಲ ನಿಂತಿರೋದು" ಎಂದ. ಅವನೇ ಉಬೈದಾ. ಮುಹನ್ನದ್ ಅವನ ಮುಖವನ್ನು ಹತ್ತಿರದಿಂದ ನೋಡಿದ. ದ್ವೇಷಿಸಲು ಏನಾದರೂ ಸಿಗುತ್ತದೇನೋ ಎಂದು ಹುಡುಕಿದ. ಪಾಪ, ಒಳ್ಳೆಯ ಮುಖ. ಅದರಿಂದ ಸಂಕಟ ಇನ್ನೂ ಹೆಚ್ಚಾಯಿತು, ಮತ್ತು ಈಗ ಹೊಟ್ಟೆ ನಿಜವಾಗಿಯೂ ನೋಯತೊಡಗಿತು.

ಹಾಜಿ ಮುತ್ಲಖರ ಮನೆಯ ಮುಂದೆ ಬೀದಿಗೆ ಅಡ್ಡಲಾಗಿ ಶಾಮಿಯಾನ ಹಾಕಿದ್ದರು. ಆ ಕಡೆ ನೂರಿಪ್ಪತ್ತೈದು ಮೀಸೆ, ಈ ಕಡೆ ನೂರಿಪ್ಪತ್ತೈದು ಮೀಸೆ, ಎದುರುಬದುರು. ನಡುವೆ ದೀಬ್ ಪಾಶಾ ಕೂತಿದ್ದರು. ಪಾಶಾಗೆ ಎಪ್ಪತ್ತು ದಾಟಿದೆ. ಅವರ ಮುಂದೆ ಯಾರಾದರೂ ಏನನ್ನಾದರೂ ಹೊಗಳಿದರೆ ಅದನ್ನು ಹೊಗಳಿದವರ ಕೈಗೇ ಕೊಟ್ಟು ಕಳಿಸುವ ಜಾಯಮಾನ. ಹೀಗಾಗಿ ಅವರ ಮನೆಯಲ್ಲಿ ಒಂದು ಒಳ್ಳೆಯ ಗಡಿಯಾರವೂ ಉಳಿದಿಲ್ಲ ಎನ್ನುತ್ತಾರೆ. ಪಕ್ಕದಲ್ಲಿ ಹಾಜಿ ಮುತ್ಲಖ್ ಬಾಯಿಲ್ಲದ ಪ್ರಾಣಿಯ ಹಾಗೆ ನೆಲ ನೋಡುತ್ತ ಕೂತಿದ್ದರು. ಹಿಂದೆ ಮನೆಯ ಕಿಟಕಿ, ಕಿಟಕಿಗೆ ಪರದೆ, ಪರದೆಯ ಹಿಂದೆ ಹೆಂಗಸರ ಪಿಸುಮಾತು. ಅವಳೂ ಅಲ್ಲೇ ಇದ್ದಾಳೆ ಎಂದುಕೊಂಡು ಮುಹನ್ನದ್ ಕೋಟು ಸರಿಮಾಡಿಕೊಂಡ.

ಕಾಫಿ ಬಂತು. ಮುಹನ್ನದ್ ಲೋಟವನ್ನು ಮುಂದಿನ ಮೇಜಿನ ಮೇಲಿಟ್ಟು ಎದ್ದ. ಭಾಷಣ ಬೆಳೆಸಿದರೆ ಹೊತ್ತು ಮುಳುಗುತ್ತದೆ, ಹೊತ್ತು ಮುಳುಗಿದರೆ ಜನ ಬೇಸತ್ತು ಎದ್ದುಹೋಗುತ್ತಾರೆ ಎಂಬುದು ಅವನ ಮೊದಲ ಹಂಚಿಕೆ. ಪಾರ್ಲಿಮೆಂಟಿನಲ್ಲಿ ಇದು ಹಲವು ಸಲ ಫಲಿಸಿತ್ತು. ಆದಮನಿಂದ ಶುರುಮಾಡಿದ. ಆದಮನ ಒಂಟಿತನಕ್ಕೆ ಹತ್ತು ನಿಮಿಷ ಹಿಡಿಯಿತು. ಅಲ್ಲಿಂದ ನಿಧಾನಕ್ಕೆ ಪ್ರಳಯದ ನೂಹರ ಕಾಲಕ್ಕೆ ಬಂದು, ನಾವೆಗೆ ಮರ ಕಡಿಸುತ್ತಿರುವಾಗಲೇ ಪಾಶಾ ಎದ್ದುಬಿಟ್ಟರು.

"ಸಾಕು ಮಗಾ! ನಿನ್ನಂಥವನು ನಮ್ಮ ಬಾಗಿಲಿಗೆ ಬಂದದ್ದೇ ಹೆಚ್ಚು. ನೀನು ಕೇಳಬೇಕೂಂತಿರೋದನ್ನ ಕೊಟ್ಟಾಯ್ತು. ಕಾಫಿ ಕುಡಿ."

ಇನ್ನೂರೈವತ್ತು ಕೈಗಳು ಲೋಟದ ಕಡೆ ಹೊರಟವು. ಮುಹನ್ನದ್ ಲೋಟ ಮುಟ್ಟಲಿಲ್ಲ. ಕೈಗಳು ಹಿಂದೆ ಬಂದವು.

"ಪಾಶಾ, ಮಾತು ಇನ್ನೂ ಇದೆ" ಎಂದ. ಹೆಣ್ಣಿನ ಕಡೆಯವರಿಗೆ ರೇಗಬೇಕು, ರೇಗಿ ಎದ್ದು 'ನಡೀರಿ ಆಚೆ' ಎನ್ನಬೇಕು, ಅಷ್ಟಾದರೆ ಬಚಾವು. "ನಾವು ಹುಡುಗಿಗೆ ಕೊಡೋ ಮೆಹರ್ ಹಣ ಒಂದು ದಿನಾರ್. ಒಂದೇ. ಒಡವೆ ಇಲ್ಲ, ಹೋಟೆಲ್ ಹಾಲ್ ಇಲ್ಲ, ಕಾರಿಗೆ ಹೂವೂ ಇಲ್ಲ."

ಒಳಗಿನಿಂದ ಯಾರೋ ಹೆಂಗಸು "ಅಯ್ಯೋ" ಎಂದಳು. ಪಾಶಾರ ಮೀಸೆ ನಡುಗಿತು. ಬಂತು, ಬೈಗುಳ ಬಂತು ಎಂದು ಮುಹನ್ನದ್ ಆಸೆಯಿಂದ ಕಾದ.

"ಒಂದು ದಿನಾರ್..." ಎಂದ ಪಾಶಾರ ಕಣ್ಣು ತುಂಬಿತ್ತು. "ಕೇಳಿದ್ರಾ ಎಲ್ಲರೂ? ಊರೂರಲ್ಲಿ ಭಾಷಣ ಮಾಡೋರು ತುಂಬ ಜನ. ಆಡಿದ್ದನ್ನ ಮಾಡಿ ತೋರಿಸೋ ಗಂಡಸು ಇವನೊಬ್ಬನೇ! ನಮ್ಮ ಹುಡುಗಿ ಮಾರೋ ಸಾಮಾನಲ್ಲ. ಕೊಟ್ಟೆ! ಒಡವೆ ನಾನು ಹಾಕ್ತೀನಿ. ಹಾಲ್ ಯಾಕೆ, ಮದುವೆ ನಮ್ಮ ತೋಟದಲ್ಲೇ ಆಗಲಿ. ಕುಡಿ ಮಗಾ ಕಾಫಿ!"

ಜನ "ಅಲ್ಲಾಹು ಅಕ್ಬರ್" ಎಂದು ಕೂಗಿದರು. ಹಾಜಿ ಫಲಾಹ್ ಸಂತೋಷದಿಂದ ಅಳತೊಡಗಿದ. ಮಾವ ಅಬೂ ನವ್ವಾಫ್ ಬೆರಳು ಮಡಚಿ ನಾನೂರರ ಮೇಲೆ ಇನ್ನೆಷ್ಟು ವೋಟು ಎಂದು ಗುಣಿಸುತ್ತಿದ್ದ. ಇನ್ನೂರೈವತ್ತು ಕೈಗಳು ಮತ್ತೆ ಲೋಟದ ಕಡೆ ಹೋದವು, ಮತ್ತೆ ಹಿಂದೆ ಬಂದವು. ಎಂ.ಪಿ. ಸಾಹೇಬರು ಇನ್ನೂ ನಿಂತೇ ಇದ್ದರು.

ಮುಹನ್ನದನಿಗೆ ಆಗ ಒಂದು ದಾರಿ ಹೊಳೆಯಿತು. ರನೀಮಳಿಗೆ ತನ್ನ ಕೆಲಸ ಎಂದರೆ ಪ್ರಾಣ. 'ಈ ದಫ್ತರದಿಂದ ನನ್ನನ್ನ ಎಳ್ಕೊಂಡು ಹೋಗಬೇಕಾದ್ರೆ ಮೇಜಿನ ಸಮೇತ ಎಳೀಬೇಕು' ಎಂದು ಹೋದ ವಾರವಷ್ಟೇ ಅವಳ ಬಾಯಿಂದ ಕೇಳಿದ್ದ.

"ಇನ್ನೊಂದು ಮಾತು" ಎಂದು ಕಿಟಕಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದ. "ಹುಡುಗಿ ಕೆಲಸ ಬಿಡಬೇಕು. ಮದುವೆ ಆಗೋವರೆಗೂ ಕಾಯೋ ಹಾಗಿಲ್ಲ, ಈಗಲೇ. ಇದಕ್ಕೆ ಹುಡುಗಿಯ ಒಪ್ಪಿಗೆಯನ್ನೇ ಕೇಳಿ, ಪಾಶಾ. ಒತ್ತಾಯ ಬೇಡ. ಬೇಡ ಅಂದ್ರೆ ನಾವು ಮರ್ಯಾದೆಯಿಂದ ಎದ್ದು ಹೋಗ್ತೀವಿ."

"ಕೆಲಸ ಬಿಡೋದು ಬೇಡ!" ಎಂದು ಹಿಂದಿನಿಂದ ಉಬೈದಾ ಎದ್ದು ನಿಂತ. "ಸಾಹೇಬ್ರೇ, ವಸಂತ ಬಂದ್ರೆ ನನಗೆ ಸಂಪಾದನೆ..." ಹಾಜಿ ಫಲಾಹ್ ಮಗನ ಕೋಟು ಹಿಡಿದು ಜಗ್ಗಿದ. ಕೋಟಿನ ಜೊತೆ ಹುಡುಗನೂ ಕೂತ.

ಮನೆಯೊಳಗೆ ಗುಜುಗುಜು ಎದ್ದಿತು. ಐದು ನಿಮಿಷವಾದಮೇಲೆ ಬಾಗಿಲಲ್ಲಿ ಒಬ್ಬ ಮುದುಕಿ, ಹುಡುಗಿಯ ಸೋದರತ್ತೆ, ಕೋಲೂರಿಕೊಂಡು ಬಂದು ನಿಂತಳು. ಮುಹನ್ನದ್ ಕಣ್ಣು ಮುಚ್ಚಿ ದೇವರನ್ನು ನೆನೆದ.

"ಹುಡುಗಿ ಹೇಳ್ತಾಳೆ," ಎಂದಳು ಮುದುಕಿ, "ಆ ಪುಣ್ಯಾತ್ಮನ ಬಾಯಿಗೆ ಸಕ್ಕರೆ ಹಾಕಿ, ನಾಳೆನೇ ಕೆಲಸ ಬಿಡ್ತೀನಿ, ಬೇಕಾದ್ರೆ ರಾಜೀನಾಮೆ ಪತ್ರ ಇವತ್ತೇ ಬರ್ಕೊಡ್ತೀನಿ ಅಂತಾಳೆ. ಕುಣೀತಾ ಇದಾಳೆ ಒಳಗೆ."

ಜನ ಬಿದ್ದು ಬಿದ್ದು ನಕ್ಕರು. ಮುಹನ್ನದ್ ಮಾತ್ರ ನಗಲಿಲ್ಲ. ಎಂಟು ತಿಂಗಳು ಅಲ್ಪವಿರಾಮ ತಿದ್ದಿದವನಿಗೆ ಹತ್ತು ದಿನ ಯೋಚನೆ, ಏಸಿ ರಿಪೇರಿಯವನಿಗಾಗಿ ಒಂದೇ ಗಳಿಗೆಯಲ್ಲಿ ದಫ್ತರವನ್ನೇ ಬಿಡುತ್ತಾಳಂತೆ! ತುಂಬ ನೋವಾಯಿತು. ನೋವಿನ ಜೊತೆಗೆ ಹಟವೂ ಹುಟ್ಟಿತು.

"ಕೊಟ್ಟೆ!" ಎಂದರು ಪಾಶಾ. "ಕಾಫಿ!"

"ಕೊನೇ ಮಾತು ಪಾಶಾ, ಇದೊಂದೇ." ಮುಹನ್ನದನ ದನಿ ಅವನಿಗೇ ಬೇರೆ ಯಾರದೋ ಎನ್ನಿಸಿತು. "ಮದುವೆ ಮೂರು ವರ್ಷ ಆದಮೇಲೆ. ಅದಕ್ಕಿಂತ ಒಂದು ದಿನ ಮುಂಚೆಯೂ ಇಲ್ಲ."

ಈ ಸಲ ಗಂಡಿನ ಕಡೆಯವರೇ ಬಾಯಿ ಬಿಟ್ಟು ನೋಡಿದರು. ಮಾವ ಅವನ ಕೋಟಿನ ತುದಿ ಹಿಡಿದು, "ಹುಚ್ಚು ಹಿಡೀತೇನೋ? ಇಂದು ಮಾತು ನಾಳೆ ಮದುವೆ ಅಂತ ಊರೆಲ್ಲ ಹೇಳ್ಕೊಂಡು ಬಂದೋನು ನೀನೇ ಅಲ್ವೇನೋ!" ಎಂದು ಪಿಸುಗುಟ್ಟಿದ. ಉಬೈದಾ "ಮೂರು ವರ್ಷ?" ಎಂದು ಕಿರುಚಿದ. ಇನ್ನೊಬ್ಬನಾಗಿದ್ದರೆ ಅಲ್ಲಿಗೇ ಸಿಕ್ಕಿಬೀಳುತ್ತಿದ್ದ. ಆದರೆ ಎರಡು ವರ್ಷ ಪಾರ್ಲಿಮೆಂಟಿನಲ್ಲಿದ್ದು ಬಂದವನು, ಹೇಳಿದ್ದನ್ನು ಹೇಳಿಲ್ಲ ಎನ್ನುವುದು ಅವನಿಗೆ ಹೊಸದೇನಲ್ಲ.

"ಬೇಗ ಆಗಿ ಅಂದಿದ್ದು ದುಡುಕೋರಿಗೆ" ಎಂದ. "ನಿಮ್ಮಂಥ ದೊಡ್ಡ ಮನೆತನದ ಮಗಳನ್ನ ಮೂರು ವರ್ಷ ಕಾಯದೆ ಕರ್ಕೊಂಡು ಹೋದ್ರೆ ನಮಗೇ ಅವಮಾನ. ಕಾದು ಪಡೆದದ್ದಕ್ಕೇ ಬೆಲೆ."

ಪಾಶಾ ಹುಬ್ಬು ಗಂಟಿಕ್ಕಿದರು. ಅವರಿಗೂ ಇದು ಅರಗಲಿಲ್ಲ. ಇನ್ನೇನು 'ಆಗೋದಿಲ್ಲ' ಎನ್ನುತ್ತಾರೆ ಎನ್ನುವಾಗ ಅದುವರೆಗೆ ನೆಲ ನೋಡುತ್ತಿದ್ದ ಹಾಜಿ ಮುತ್ಲಖ್ ತಲೆಯೆತ್ತಿದರು.

"ಇನ್ನೂ ಮೂರು ವರ್ಷ ನನ್ನ ಮಗಳು ನನ್ನ ಮನೇಲಿ ಇರ್ತಾಳಾ?" ಎಂದರು ಮೆಲ್ಲಗೆ. "ಹೆಣ್ಣು ಹೆತ್ತೋನ ಕಷ್ಟ ತಿಳಿದು ಮಾತಾಡಿದೋನು ಇವನೊಬ್ಬನೇ ಅಣ್ಣ. ದೇವರು ಇವನಿಗೂ ಹೆಣ್ಣುಮಕ್ಕಳನ್ನ ಕೊಡ್ಲಿ."

ತಮ್ಮನ ಕಣ್ಣೀರು ಕಂಡದ್ದೇ ಪಾಶಾ ಎದೆಗೆ ಗುದ್ದಿಕೊಂಡರು. "ಮೂರು ಅಂದ್ರೆ ಮೂರು! ಇನ್ನೂರೈವತ್ತು ಜನ ಸಾಕ್ಷಿ. ಕೊಟ್ಟೆ! ಇನ್ನೇನಾದ್ರೂ ಇದೆಯಾ ಮಗಾ, ಇಲ್ಲಾ ಕಾಫಿ ಬದಲಿಸಿ ಮೊಸರು ತರಿಸ್ಲಾ?"

ಇನ್ನೇನೂ ಇರಲಿಲ್ಲ. ಮುಹನ್ನದ್ ಲೋಟ ಎತ್ತಿದ. ಕಾಫಿ ಆರಿ ತಣ್ಣಗಾಗಿ ಕಹಿಗೆ ಕಹಿ ಕೂಡಿತ್ತು. ಆದರೂ ಅವನಿಗೆ ಅದು ರುಚಿಸಿತು. ಏಕೆಂದರೆ ಮೂರು ವರ್ಷ ಎಂದರೆ ಕಡಿಮೆ ಕಾಲವೇ? ಅಷ್ಟರಲ್ಲಿ ಏನೇನೋ ಆಗಬಹುದು. ಈ ಹುಡುಗನಿಗೆ ದುಬೈನಲ್ಲಿ ಕೆಲಸ ಕೊಡಿಸಬಹುದು, ಅಲ್ಲಿ ವರ್ಷವಿಡೀ ಸೆಖೆ, ಏಸಿಗಳೂ ಕೆಡುತ್ತಲೇ ಇರುತ್ತವೆ. ಅವನು ಅಲ್ಲೇ ನಿಂತುಬಿಟ್ಟರೆ ಮಾತು ತಾನಾಗಿಯೇ ಸಡಿಲವಾಗುತ್ತದೆ. ಕದನ ಗೆಲ್ಲದಿದ್ದರೂ ವಾಯಿದೆಯಂತೂ ಸಿಕ್ಕಿತಲ್ಲ! ಸಾಲುಸಾಲಾಗಿ ಇನ್ನೂರೈವತ್ತು ಲೋಟಗಳು ಖಾಲಿಯಾದವು. ಮಾತು ಗಟ್ಟಿಯಾಯಿತೆಂದು ಫಾತಿಹಾ ಓದಿದರು. ಒಳಗೆ ಕೇಕೆ ಎದ್ದಿತು. ಬಿಸಿ ಬಿಸಿ ಕುನಾಫಾ ಸಿಹಿಯ ತಟ್ಟೆಗಳು ಹೊರಬಂದವು. ಮುಹನ್ನದ್ ಬೆಳಗಿನಿಂದ ಏನೂ ತಿಂದಿರಲಿಲ್ಲ, ಒಂದು ದೊಡ್ಡ ತುಂಡು ತೆಗೆದುಕೊಂಡು ಪಕ್ಕದ ಗೋಡೆಯ ನೆರಳಿಗೆ ಹೋಗಿ ನಿಂತ.

ಅಲ್ಲಿಗೆ ಅವನ ತಾಯಿ ಹಿತ್ತಿಲ ಬಾಗಿಲಿನಿಂದ ಓಡಿಬಂದಳು. ಮುಖ ಅರಳಿತ್ತು.

"ಕೊಟ್ರು ಕಣೋ ಮಗನೇ, ಕೊಟ್ರು!"

"ಗೊತ್ತು ಯಮ್ಮಾ. ಕೇಳಿದ್ದು ನಾನೇ ಅಲ್ವಾ" ಎಂದ ಮುಹನ್ನದ್.

"ಅಯ್ಯೋ, ಅದಲ್ವೋ! ನಿನಗೆ ಕೊಟ್ರು! ರನೀಮ್‌ನ ನಿನಗೆ ಕೊಟ್ರು! ನೀವು ಬರೋ ಮುಂಚೆನೇ ಒಳಗೆ ಅವಳಮ್ಮ ನನ್ನ ಕೈ ಹಿಡ್ಕೊಂಡು ಹೇಳಿದ್ಲು. ಹಾಜಿ ಒಪ್ಪಿದಾರಂತೆ, ಪಾಶಾಗೂ ಖುಷಿಯಂತೆ."

ಮುಹನ್ನದನ ಬಾಯಲ್ಲಿದ್ದ ಕುನಾಫಾ ಬಾಯಲ್ಲೇ ನಿಂತಿತು. "ಹಾಗಾದ್ರೆ... ಈಗ ಉಬೈದಾಗೆ ಕೊಟ್ಟಿದ್ದು ಯಾರನ್ನ?"

"ಅವಳ ಅಕ್ಕ ಹನಾದಿ. ದಕ್ಷಿಣದಲ್ಲಿ ಮರಳುಗಾಡಿನ ಸ್ಕೂಲೊಂದಕ್ಕೆ ಟೀಚರಾಗಿ ಹಾಕಿದ್ರಂತೆ, ನಾಲ್ಕು ವರ್ಷದಿಂದ ಬಿಡಿಸಿಕೊಳ್ಳೋಕೆ ಒದ್ದಾಡ್ತಿದ್ಲು. ಬುಧವಾರ ತಾನೇ ಬಂದಿದಾಳೆ. ನಾನು ಹೋದಾಗ ಅವಳೆಲ್ಲಿದ್ಲು? ನನಗೂ ಗೊತ್ತಿರಲಿಲ್ಲ. ನೀನು ಕೆಲಸ ಬಿಡು ಅಂದಿದ್ದಕ್ಕೆ ನಿನಗೆ ನೂರು ವರ್ಷ ಆಯಸ್ಸು ಹರಸ್ತಿದಾಳೆ."

ಮುಹನ್ನದ್ ಗೋಡೆಗೆ ಒರಗಿದ. ಎದೆಯ ಮೇಲಿಂದ ಬೆಟ್ಟ ಇಳಿದ ಹಾಗಾಯಿತು. ಅಲ್ಲೇ ಕುಣಿಯಬೇಕೆನ್ನಿಸಿತು. ಸ್ಥಾನದ ನೆನಪಾಗಿ ಕಾಲನ್ನು ತಡೆದ.

"ರನೀಮ್ ಏನಂದ್ಲು?"

"ಕಿಟಕೀಲಿ ನಿಂತು ಪೂರ್ತಿ ಕೇಳಿದ್ಲು. ಕೆಲಸ ಬಿಡೋ ಮಾತು ಬಂದಾಗ ಮುಖ ಗಂಟು ಹಾಕ್ಕೊಂಡಿದ್ಲು, ಅದು ನಿನಗಲ್ಲಮ್ಮ ಅಂತ ನಾನೇ ಸಮಾಧಾನ ಮಾಡ್ದೆ. ಆಮೇಲೆ ನಕ್ಕಳು. ಒಪ್ಪಿಗೆ ಕಣೋ, ಪೂರ್ತಿ ಒಪ್ಪಿಗೆ."

"ಮತ್ತೆ ಹತ್ತು ದಿನ ಯಾಕೆ ಸುಮ್ಮನಿದ್ರು ಯಮ್ಮಾ? ನನ್ನ ಪ್ರಾಣ ಹೋಗಿತ್ತು."

"ಮತ್ತಿನ್ನೇನು? ಅಕ್ಕನ ವಿಷಯ ಒಂದು ಕಡೆ ನಿಲ್ಲದೆ ತಂಗಿದು ಮಾತಾಡೋಕಾಗುತ್ತಾ? ಇವತ್ತು ಅದು ಗಟ್ಟಿಯಾಯ್ತು, ಅದಕ್ಕೇ ಬಾಯಿ ಬಿಟ್ರು."

"ಒಳ್ಳೇದಾಯ್ತು, ಒಳ್ಳೇದಾಯ್ತು" ಎಂದು ಮುಹನ್ನದ್ ಕೈ ಉಜ್ಜಿಕೊಂಡ. "ಹಾಗಾದ್ರೆ ಈ ವಸಂತದಲ್ಲೇ ಇಟ್ಕೊಳ್ಳೋಣ. ಹೊಸ ಅಧಿವೇಶನ ಶುರುವಾಗೋ ಮುಂಚೆ. ಮುಂದಿನ ಶುಕ್ರವಾರ ಜಾಹಾ, ಅದರ ಮುಂದಿನ ಶುಕ್ರವಾರ ಮದುವೆ."

ತಾಯಿ ತಲೆಯ ಬಟ್ಟೆ ಸರಿಮಾಡಿಕೊಂಡಳು. ಬಲಗಡೆ ನೋಡಿದಳು, ಎಡಗಡೆ ನೋಡಿದಳು, ಮಗನ ಮುಖ ಮಾತ್ರ ನೋಡಲಿಲ್ಲ.

"ಅಕ್ಕ ಗಂಡನ ಮನೆಗೆ ಹೋದ ಮರುದಿನವೇ ನಿಮ್ಮದು ಅಂದಿದಾರೆ. ಅಕ್ಕ ಮನೇಲಿರೋವಾಗ ತಂಗಿಯನ್ನ ಕಳಿಸೋ ಪದ್ಧತಿ ಈ ಮನೇಲಿ ಇಲ್ಲವಂತೆ."

"ಸರಿ, ಅಕ್ಕ ಯಾವಾಗ..." ಎಂದವನು ಅಲ್ಲಿಗೇ ನಿಂತ. ಕೈಯಲ್ಲಿದ್ದ ತಟ್ಟೆ ಓರೆಯಾಗಿ ಸಕ್ಕರೆ ಪಾಕ ಬೂಟಿನ ಮೇಲೆ ಸುರಿಯಿತು.

"ನನ್ನನ್ನೇನು ಕೇಳ್ತೀಯ?" ಎಂದಳು ತಾಯಿ. "ದಿನ ಇಟ್ಟೋನು ನೀನು."

ಮುಹನ್ನದ್ ಒಂದೇ ಉಸಿರಿಗೆ ಶಾಮಿಯಾನಕ್ಕೆ ಓಡಿದ. ಪಾಶಾ ಜನರ ನಡುವೆ ಕೂತು ಅವನ ಗುಣಗಾನವನ್ನೇ ಮಾಡುತ್ತಿದ್ದರು. ಅವರ ಕಿವಿಯ ಹತ್ತಿರ ಬಗ್ಗಿ, "ಪಾಶಾ, ಆ ಮೂರು ವರ್ಷ... ಸ್ವಲ್ಪ ಹೆಚ್ಚಾಯ್ತೇನೋ. ಮೂರು ತಿಂಗಳು ಮಾಡಿದ್ರೆ ಹೇಗೆ?" ಎಂದ.

ಪಾಶಾ ಅವನನ್ನು ದಿಟ್ಟಿಸಿ ನೋಡಿದರು. ಆಮೇಲೆ ತೊಡೆ ತಟ್ಟಿ ಗಹಗಹಿಸಿ ನಕ್ಕರು. "ಬಸ್ಸಲ್ಲಿ ಇವರನ್ನ ಪರೀಕ್ಷೆ ಮಾಡಿದ್ಯಂತೆ, ಈಗ ನನ್ನ ಸರದಿಯಾ? ಕೇಳ್ರಪ್ಪಾ, ನಾನು ಮಾತಿಗೆ ತಪ್ತೀನೇನೋ ನೋಡ್ತಾ ಇದಾನೆ!" ಎಂದು ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಸಾರಿದರು. "ಸತ್ತ ನಮ್ಮಪ್ಪ ಎದ್ದುಬಂದು ಕೇಳಿದ್ರೂ ಒಂದು ದಿನ ಕಮ್ಮಿ ಇಲ್ಲ. ಕಾಫಿ ಮೇಲೆ ಆಡಿದ ಮಾತು, ಮುಗೀತು!" ಜನ ಮತ್ತೆ ಚಪ್ಪಾಳೆ ತಟ್ಟಿದರು. ಯಾರೋ ಮುಹನ್ನದನ ಖಾಲಿ ತಟ್ಟೆಗೆ ಇನ್ನೊಂದು ದೊಡ್ಡ ತುಂಡು ಕುನಾಫಾ ಹಾಕಿದರು.

ಅವನು ಬಂದು ಕೊನೆಯ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಸಿದ. ಪಕ್ಕದ ಕುರ್ಚಿಯಲ್ಲಿ ಉಬೈದಾ ಟೈ ಸಡಿಲಿಸಿಕೊಂಡು, ತಲೆ ಮೇಲೆ ಕೈಹೊತ್ತು ಕೂತಿದ್ದ. ಹುಡುಗ ಮೂಗೊರೆಸಿಕೊಂಡು ಕೇಳಿದ:

"ಏನು ಮಾಡಿಬಿಟ್ರಿ ಸಾಹೇಬ್ರೇ? ಮೂರು ವರ್ಷ ಕಾಯೋದು ಅಂದ್ರೆ ಏನು ಅಂತ ನಿಮಗೆ ಹೇಗೆ ಗೊತ್ತಾಗ್ಬೇಕು?"

ಮುಹನ್ನದ್ ತನ್ನ ತಟ್ಟೆಯ ಕುನಾಫಾದಲ್ಲಿ ಅರ್ಧ ಮುರಿದು ತನ್ನ ಭಾವಿ ಷಡ್ಡಕನ ತಟ್ಟೆಗೆ ಹಾಕಿದ.